ಮಹಿಳೆಯರ 30 ಕಿಲೊಮೀಟರ್ ಕ್ರಾಸ್‌ಕಂಟ್ರಿ ಸ್ಕೀ ಓಟ

ಮಹಿಳೆಯರ 30 ಕಿಲೊಮೀಟರ್ ಕ್ರಾಸ್‌ಕಂಟ್ರಿ ಸ್ಕೀ ಓಟವು 1992ರಿಂದ 2022ರ ವರೆಗೆ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಒಂಬತ್ತು ಸಲ ನಡೆಯಿತು. ಆ ಮೂರು ದಶಕಗಳಲ್ಲಿ ಒಲಿಂಪಿಕ್ಸ್‌ನ ಹೆಂಗಸರ ಸ್ಕೀ ಓಟಗಳಲ್ಲಿ ಇದೇ ಅತಿ ಉದ್ದದ್ದು. ನಾರ್ಡಿಕ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಇದು ಮೂರು ವರ್ಷ ಮೊದಲೇ, 1989ರಲ್ಲಿ, ಕಾಲಿಟ್ಟು 2023ರ ವರೆಗೆ ಉಳಿಯಿತು. ಆಮೇಲೆ ಎರಡೂ ಕಡೆ ಇದರ ಜಾಗಕ್ಕೆ 50 ಕಿಲೊಮೀಟರ್ ಓಟ ಬಂತು. ಹಿಮದ ಮೇಲೆ ಒಂದೂಕಾಲರಿಂದ ಒಂದೂವರೆ ಗಂಟೆ ಬಿಡುವಿಲ್ಲದೆ ಏರಿ ಇಳಿಯುವ ಈ ಓಟದ ಕಥೆಯಲ್ಲಿ ವೇಗದಷ್ಟೇ ದೂರವೂ ಮುಖ್ಯ. ಹೆಂಗಸರು ಎಷ್ಟು ದೂರ ಓಡಬಹುದು ಎಂಬುದನ್ನು ಬಹುಕಾಲ ನಿರ್ಧರಿಸಿದವರು ಓಡುವವರಲ್ಲ.

ಹತ್ತರಿಂದ ಮೂವತ್ತಕ್ಕೆ

1924ರಲ್ಲಿ ಫ್ರಾನ್ಸಿನ ಶಾಮೊನಿಯಲ್ಲಿ ಮೊದಲ ಚಳಿಗಾಲದ ಒಲಿಂಪಿಕ್ಸ್ ನಡೆದಾಗಲೇ ಗಂಡಸರಿಗೆ 18 ಕಿ.ಮೀ. ಮತ್ತು 50 ಕಿ.ಮೀ. ಸ್ಕೀ ಓಟಗಳಿದ್ದವು. ನಾರ್ವೆಯ ತೂರ್ಲೈಫ್ ಹೌಗ್ ಎರಡನ್ನೂ ಗೆದ್ದ. ಹೆಂಗಸರಿಗೆ ಒಂದೂ ಇರಲಿಲ್ಲ. ಸ್ವೀಡನ್ನಿನ ಹೆಸರಾಂತ 90 ಕಿ.ಮೀ. ಓಟ ವಾಸಲೊಪೆಟ್‌ನಲ್ಲಿ ಇದಕ್ಕಿಂತ ವಿಚಿತ್ರ ನಡೆಯಿತು. 1923ರಲ್ಲಿ ಮಾರ್ಗಿತ್ ನೂರ್ದಿನ್ ಎಂಬಾಕೆ ಹತ್ತು ಗಂಟೆಗೂ ಸ್ವಲ್ಪ ಹೆಚ್ಚು ಹೊತ್ತು ಓಡಿ ಗುರಿ ಮುಟ್ಟಿದಳು. ಮರುವರ್ಷವೇ ಆ ಓಟಕ್ಕೆ ಹೆಂಗಸರು ಬರಕೂಡದೆಂದು ಕಟ್ಟಪ್ಪಣೆಯಾಯಿತು. ಒಬ್ಬಾಕೆ ಓಡಲಾಗದೆ ಕುಸಿದಿದ್ದರೆ ನಿಷೇಧಕ್ಕೆ ಒಂದು ನೆಪವಾದರೂ ಸಿಗುತ್ತಿತ್ತು. ಇಲ್ಲಿ ಓಡಿ ಮುಗಿಸಿದ್ದೇ ನೆಪವಾಯಿತು. ಆ ನಿಷೇಧ ಅಧಿಕೃತವಾಗಿ ತೆರವಾಗಲು 1981 ಬರಬೇಕಾಯಿತು.

ಒಲಿಂಪಿಕ್ಸ್‌ನಲ್ಲಿ ಹೆಂಗಸರ ಮೊದಲ ಕ್ರಾಸ್‌ಕಂಟ್ರಿ ಓಟ ನಡೆದದ್ದು 1952ರಲ್ಲಿ, ಓಸ್ಲೊದಲ್ಲಿ. ದೂರ 10 ಕಿ.ಮೀ. ಫಿನ್ಲೆಂಡಿನ ಲಿಡಿಯಾ ವಿಡೆಮನ್, ಮಿರ್ಯಾ ಹಿಯೆತಾಮೀಸ್, ಸೀರಿ ರಂತನೆನ್ ಮೂವರೇ ಮೂರೂ ಪದಕಗಳನ್ನು ಮನೆಗೆ ಒಯ್ದರು. ಎರಡು ವರ್ಷದ ಬಳಿಕ ಸ್ವೀಡನ್ನಿನ ಫಾಲುನ್‌ನಲ್ಲಿ ವಿಶ್ವ ಚಾಂಪಿಯನ್‌ಷಿಪ್‌ ಕೂಡ ಹೆಂಗಸರಿಗೆ ತೆರೆಯಿತು. ಅಲ್ಲಿ ಸೋವಿಯತ್ ಒಕ್ಕೂಟದ ಲ್ಯುಬೊವ್ ಕೊಜಿರೆವಾ ಗೆದ್ದಳು. ಅಲ್ಲಿಂದ ಮುಂದೆ ಬಹುಕಾಲ ದೂರ ಬೆಳೆಯಲೇ ಇಲ್ಲ. 1964ರಲ್ಲಿ ಇನ್ಸ್‌ಬ್ರುಕ್‌ನಲ್ಲಿ ಹೊಸ ಸ್ಪರ್ಧೆಯೊಂದು ಸೇರಿತಾದರೂ ಅದು 5 ಕಿಲೊಮೀಟರಿನದು. ಹೆಚ್ಚು ಓಡಿಸಿ ಎಂದು ಕೇಳಿದವರಿಗೆ ಹೆಚ್ಚು ಸಲ ಓಡಿ ಎಂಬ ಉತ್ತರ ಸಿಕ್ಕಂತಾಯಿತು. ಗಲೀನಾ ಕುಲಕೋವಾಳಂಥ ಗಟ್ಟಿ ಓಟಗಾರ್ತಿ 1972ರ ಸಪ್ಪೊರೊದಲ್ಲಿ 5 ಕಿ.ಮೀ., 10 ಕಿ.ಮೀ. ಮತ್ತು ರಿಲೇ ಮೂರನ್ನೂ ಗೆದ್ದದ್ದು ಈ ಸಣ್ಣ ದೂರಗಳ ಯುಗದಲ್ಲೇ.

1978ರಲ್ಲಿ ಫಿನ್ಲೆಂಡಿನ ಲಾಹ್ತಿಯ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ 20 ಕಿ.ಮೀ. ಬಂತು, ಸೋವಿಯತ್ತಿನ ಜಿನೈದಾ ಅಮೊಸೋವಾ ಅದರ ಮೊದಲ ಚಾಂಪಿಯನ್. ಒಲಿಂಪಿಕ್ಸ್‌ಗೆ ಅದು ತಲುಪಿದ್ದು 1984ರ ಸರಾಯೇವೊದಲ್ಲಿ. ಹೆಂಗಸರ ಮೊದಲ ಒಲಿಂಪಿಕ್ ಮ್ಯಾರಥಾನ್ ಲಾಸ್ ಏಂಜಲಿಸ್‌ನಲ್ಲಿ ನಡೆದದ್ದೂ ಅದೇ ವರ್ಷ. ಹಿಮದ ಮೇಲೂ ಡಾಂಬರಿನ ಮೇಲೂ ಬಾಗಿಲು ಒಟ್ಟಿಗೇ ತೆರೆದದ್ದು ಬರೀ ಕಾಕತಾಳೀಯವೆಂದು ನಂಬುವುದು ಕಷ್ಟ. ಸರಾಯೇವೊದಲ್ಲಿ ಫಿನ್ಲೆಂಡಿನ ಮಾರ್ಯಾ-ಲೀಸಾ ಹಮಲೈನೆನ್ 5, 10, 20 ಕಿ.ಮೀ. ಮೂರನ್ನೂ ಗೆದ್ದಳು. ಹತ್ತು ವರ್ಷದ ನಂತರ ಕಿರ್ವೆಸ್ನಿಯೆಮಿ ಎಂಬ ಮದುವೆಯ ನಂತರದ ಹೆಸರಿನಲ್ಲಿ, 38ರ ವಯಸ್ಸಿನಲ್ಲಿ, ಇದೇ ಹೆಂಗಸು 30 ಕಿಲೊಮೀಟರಿನಲ್ಲಿ ಕಂಚು ಗೆಲ್ಲುತ್ತಾಳೆ. 1988ರ ಕ್ಯಾಲ್ಗರಿ ಒಲಿಂಪಿಕ್ಸ್‌ನ 20 ಕಿಲೊಮೀಟರಿನಲ್ಲಿ ತಮಾರಾ ತಿಖೊನೋವಾ ಮುಂದಾಗಿ ಮೂರೂ ಪದಕ ಸೋವಿಯತ್ ಪಾಲಾದವು. 1989ರಲ್ಲಿ ಲಾಹ್ತಿ ಮತ್ತೆ ಹೊಸ ದೂರಕ್ಕೆ ಅಂಗಳವಾಯಿತು. ಅಲ್ಲಿ ಮೊದಲ 30 ಕಿ.ಮೀ. ವಿಶ್ವ ಪ್ರಶಸ್ತಿ ಯೆಲೆನಾ ವ್ಯಾಲ್ಬೆಗೆ ಸಂದಿತು.

ಓಟದ ಬಗೆ

ಕ್ರಾಸ್‌ಕಂಟ್ರಿ ಎಂದರೆ ಬೆಟ್ಟದ ತುದಿಯಿಂದ ಜಾರಿ ಬರುವ ಆಟವಲ್ಲ. ಅಂತರರಾಷ್ಟ್ರೀಯ ಸ್ಕೀ ಒಕ್ಕೂಟದ ಮಾನದಂಡದಂತೆ ಓಟದ ಜಾಡಿನಲ್ಲಿ ಸುಮಾರು ಮೂರನೆಯ ಒಂದು ಭಾಗ ಏರು, ಒಂದು ಭಾಗ ಇಳಿಜಾರು, ಉಳಿದದ್ದು ಅಲೆಯಲೆಯಾದ ನೆಲ. ಐದೋ ಏಳೂವರೆಯೋ ಹತ್ತೋ ಕಿಲೊಮೀಟರಿನ ಸುತ್ತನ್ನೇ ಮತ್ತೆ ಮತ್ತೆ ಸುತ್ತಬೇಕು. ಮೊದಲ ಸುತ್ತಿನಲ್ಲಿ ಹಗುರಾಗಿ ಹತ್ತಿದ ಅದೇ ದಿಬ್ಬ ಕೊನೆಯ ಸುತ್ತಿನಲ್ಲಿ ಬೇರೆಯೇ ಬೆಟ್ಟವಾಗಿ ಎದುರು ನಿಂತಿರುತ್ತದೆ.

ಶೈಲಿಗಳು ಎರಡು. ಕ್ಲಾಸಿಕ್ ಶೈಲಿಯಲ್ಲಿ ಹಿಮದಲ್ಲಿ ಕೊರೆದ ಜೋಡಿ ಗೆರೆಗಳ ಒಳಗೆ ಎರಡೂ ಸ್ಕೀಗಳು ನೇರವಾಗಿ ಸಾಗಬೇಕು. ನಡಿಗೆಯಂತೆಯೇ ಎಡ ಬಲ ಹೆಜ್ಜೆ, ಜೊತೆಗೆ ಕೋಲಿನ ಊರು. ಮುಕ್ತ ಶೈಲಿಯಲ್ಲಿ ಸ್ಕೀಗಳನ್ನು ಹೊರಕ್ಕೆ ತೆರೆದು, ಸ್ಕೇಟಿಂಗ್ ಮಾಡುವವರಂತೆ ಒಂದಾದ ಮೇಲೊಂದು ಪಕ್ಕಕ್ಕೆ ಒದ್ದು ಮುಂದೆ ಹೋಗುತ್ತಾರೆ. 1980ರ ದಶಕದ ಆರಂಭದಲ್ಲಿ ಅಮೆರಿಕದ ಬಿಲ್ ಕೋಕ್ ಈ ಸ್ಕೇಟಿಂಗ್ ಹೆಜ್ಜೆಯಿಂದ ಗೆಲ್ಲತೊಡಗಿದಾಗ ಹಳಬರು ಮುಖ ಸಿಂಡರಿಸಿದರು. ಆದರೆ ಅದೇ ವೇಗದ ದಾರಿ ಎಂಬುದು ಎಲ್ಲರ ಕಣ್ಣಿಗೂ ಕಂಡಿತ್ತು. ಹಳೆಯ ನಡೆ ಅಳಿದೇ ಹೋದೀತೆಂಬ ಅಂಜಿಕೆಯಿಂದ ದಶಕದ ನಡುವಿನಲ್ಲಿ ಸ್ಪರ್ಧೆಗಳನ್ನು ಎರಡು ಶೈಲಿಗಳಿಗೆ ಹಂಚಲಾಯಿತು. 30 ಕಿ.ಮೀ. ಒಲಿಂಪಿಕ್ ಓಟ 1992ರಲ್ಲಿ ಮುಕ್ತ ಶೈಲಿಯಿಂದ ಶುರುವಾಗಿ, ಒಂದು ಕೂಟಕ್ಕೆ ಇದು ಮುಂದಿನದಕ್ಕೆ ಅದು ಎಂಬಂತೆ ತಪ್ಪದೆ ಅದಲುಬದಲಾಗುತ್ತ ಬಂತು. ಹೀಗಾಗಿ ಒಂದು ಶೈಲಿಯಲ್ಲಿ ಮಾತ್ರ ಪಳಗಿದವಳು ತನ್ನ ಸರದಿಗೆ ಸಾಮಾನ್ಯವಾಗಿ ಎಂಟು ವರ್ಷ ಕಾಯಬೇಕಿತ್ತು.

ದೂರ ಹೆಚ್ಚಿದಂತೆ ಮೇಣದ ಮಹತ್ವ ಹೆಚ್ಚುತ್ತದೆ. ಕ್ಲಾಸಿಕ್ ಸ್ಕೀ ಬಿಲ್ಲಿನಂತೆ ನಡುವೆ ಮೇಲಕ್ಕೆ ಬಾಗಿರುತ್ತದೆ. ಒಂದೇ ಕಾಲ ಮೇಲೆ ಭಾರ ಬಿಟ್ಟು ಒದ್ದಾಗ ಆ ನಡುಭಾಗ ಹಿಮಕ್ಕೆ ಒತ್ತಿ, ಅಲ್ಲಿ ಹಚ್ಚಿದ ಹಿಡಿತದ ಮೇಣ ಕಚ್ಚಿಕೊಳ್ಳುತ್ತದೆ. ಭಾರ ಎರಡೂ ಕಾಲಿಗೆ ಹಂಚಿದಾಗ ಬಿಲ್ಲು ಮೇಲೆದ್ದು, ಮುಂದಿನ ಹಾಗೂ ಹಿಂದಿನ ತುದಿಗಳಲ್ಲಿರುವ ಜಾರುವ ಮೇಣ ಕೆಲಸ ಮಾಡುತ್ತದೆ. ಹಿಡಿತದ ಮೇಣ ಕಡಿಮೆಯಾದರೆ ಏರಿನಲ್ಲಿ ಹಿಂದಕ್ಕೆ ಜಾರಬೇಕು, ಹೆಚ್ಚಾದರೆ ಇಳಿಜಾರಿನಲ್ಲೂ ಅಂಟಿ ನಿಲ್ಲಬೇಕು. ತಾಪಮಾನ ಸೊನ್ನೆಯ ಆಸುಪಾಸಿನಲ್ಲಿ ಆಡುವ ದಿನ ತಂಡದ ಮೇಣದವರಿಗೆ ತಲೆ ಕೆಡುತ್ತದೆ. ಓಟ ಶುರುವಾದಾಗಿನ ಹಿಮ ಬೇರೆ, ಮುಗಿಯುವಾಗಿನದು ಬೇರೆ. 5 ಕಿಲೊಮೀಟರಿನಲ್ಲಿ ಕೆಲವು ಸೆಕೆಂಡು ತಿನ್ನುವ ತಪ್ಪು 30ರಲ್ಲಿ ನಿಮಿಷಗಳನ್ನೇ ನುಂಗುತ್ತದೆ. ಮುಂದೆ ಎಲ್ಲರೂ ಒಟ್ಟಿಗೆ ಹೊರಡುವ ಸಾಮೂಹಿಕ ಆರಂಭದ ದೀರ್ಘ ಓಟಗಳಲ್ಲಿ ಜಾಡಿನ ಪಕ್ಕದ ಕಟ್ಟೆಗೆ ಹೊಕ್ಕು ಸ್ಕೀ ಬದಲಿಸಿಕೊಳ್ಳಲು ಅವಕಾಶವಾಯಿತು. ನಿಂತು ಬದಲಿಸಿ ಸೆಕೆಂಡುಗಳನ್ನು ಕಳೆದುಕೊಳ್ಳುವುದೋ, ಸವೆದ ಸ್ಕೀಯಲ್ಲೇ ಮುಂದುವರಿದು ಇನ್ನಷ್ಟು ಕಳೆದುಕೊಳ್ಳುವುದೋ ಎಂಬುದು ಅಂದಿನಿಂದ ಹೊಸದೊಂದು ಜೂಜಾಯಿತು.

ದೇಹದ ಲೆಕ್ಕವೂ ಇಲ್ಲಿ ಬೇರೆ. ಸ್ನಾಯುಗಳಲ್ಲಿ ಕೂಡಿಟ್ಟ ಸಕ್ಕರೆ ಬಿರುಸಿನ ದುಡಿಮೆಯಲ್ಲಿ ಒಂದೂವರೆ ಗಂಟೆಯ ಹೊತ್ತಿಗೆ ಖಾಲಿಯಾಗುತ್ತ ಬರುತ್ತದೆ, ಸರಿಯಾಗಿ ಓಟ ಮುಗಿಯುವ ಹೊತ್ತಿಗೆ. ಅದಕ್ಕೇ ಜಾಡಿನ ಅಂಚಿನಲ್ಲಿ ತಂಡದವರು ಸಿಹಿ ಪಾನೀಯ ಹಿಡಿದು ನಿಂತಿರುತ್ತಾರೆ. ಓಟಗಾರ್ತಿ ವೇಗ ತಗ್ಗಿಸದೆ ಕಸಿದುಕೊಂಡು, ಎರಡು ಗುಟುಕು ಕುಡಿದು ಎಸೆಯುತ್ತಾಳೆ. ಚಳಿಗೂ ಒಂದು ಮಿತಿಯಿದೆ: ಜಾಡಿನ ಅತಿ ತಣ್ಣನೆಯ ಜಾಗದಲ್ಲಿ ಉಷ್ಣತೆ ಮೈನಸ್ 20 ಡಿಗ್ರಿಗಿಂತ ಕೆಳಗಿಳಿದರೆ ಓಟ ನಡೆಸುವಂತಿಲ್ಲ. 2001ರಲ್ಲಿ ಇದೇ ಲಾಹ್ತಿಯಲ್ಲಿ ಹೆಂಗಸರ 30 ಕಿ.ಮೀ. ಚಳಿಯಿಂದಾಗಿ ರದ್ದಾಯಿತು. ಆ ವರ್ಷದ ವಿಶ್ವ ಚಾಂಪಿಯನ್ ಪಟ್ಟಿಯಲ್ಲಿ ಆ ಸಾಲು ಖಾಲಿ.

ಇಟಲಿಯ ದಶಕ

1992ರ ಆಲ್ಬೆರ್‌ವಿಲ್ ಕೂಟಕ್ಕೆ ಬರುವಾಗ ಈ ಓಟ ರಷ್ಯನ್ನರದ್ದೇ ಎಂದು ಎಲ್ಲರೂ ಎಣಿಸಿದ್ದರು. ಸೋವಿಯತ್ ಒಕ್ಕೂಟ ಆಗಷ್ಟೇ ಒಡೆದಿತ್ತು, ಆದರೆ ಏಕೀಕೃತ ತಂಡದ ಹೆಸರಿನಲ್ಲಿ ಬಂದ ಲ್ಯುಬೊವ್ ಯೆಗೊರೊವಾ ಮತ್ತು ಯೆಲೆನಾ ವ್ಯಾಲ್ಬೆ ಮುಂಚಿನಂತೆಯೇ ಗೆಲ್ಲುತ್ತಿದ್ದರು. ಲೇ ಸೇಸಿಯ ಜಾಡಿನಲ್ಲಿ ಅವರಿಬ್ಬರನ್ನೂ ಹಿಂದಿಕ್ಕಿದವಳು ಇಟಲಿಯ ಆಲ್ಪ್ಸ್ ತಪ್ಪಲಿನ ಕುಳ್ಳನೆಯ ಹುಡುಗಿ ಸ್ಟೆಫಾನಿಯಾ ಬೆಲ್ಮೊಂಡೊ. ಸಮಯ 1 ಗಂಟೆ 22 ನಿಮಿಷ 30.1 ಸೆಕೆಂಡು. ಯೆಗೊರೊವಾ ಸುಮಾರು 22 ಸೆಕೆಂಡು ಹಿಂದೆ ಬೆಳ್ಳಿ, ವ್ಯಾಲ್ಬೆ ಕಂಚು. ಬೆಲ್ಮೊಂಡೊಳ ಚುರುಕು ಹೆಜ್ಜೆ ನೋಡಿ ಇಟಲಿಯವರು ಆಕೆಯನ್ನು ಪುಟ್ಟ ಬುಗುರಿ ಎಂದು ಕರೆಯುತ್ತಿದ್ದರು. ಕ್ರಾಸ್‌ಕಂಟ್ರಿಯಲ್ಲಿ ಇಟಲಿಯ ಹೆಂಗಸೊಬ್ಬಳು ಒಲಿಂಪಿಕ್ ಚಿನ್ನ ಗೆದ್ದದ್ದು ಅದೇ ಮೊದಲು.

ಎರಡು ವರ್ಷದ ಬಳಿಕ ಲಿಲ್ಲೆಹಾಮರ್‌ನಲ್ಲಿ ಚಿನ್ನ ಮತ್ತೆ ಇಟಲಿಗೇ ಹೋಯಿತು, ಆದರೆ ಬೆಲ್ಮೊಂಡೊಗಲ್ಲ. ಮನುಯೆಲಾ ಡಿ ಚೆಂಟಾ ಆ ಕೂಟದಲ್ಲಿ ಐದು ಓಟಗಳಲ್ಲಿ ಐದೂ ಪದಕ ಗೆದ್ದಳು. 30 ಕಿಲೊಮೀಟರಿನ ಚಿನ್ನ ಅದರಲ್ಲೊಂದು. ಬೆಳ್ಳಿ ನಾರ್ವೆಯ ಮಾರಿತ್ ವೋಲ್ಡ್‌ಗೆ, ಕಂಚು ಆಗಲೇ ಹೇಳಿದ ಕಿರ್ವೆಸ್ನಿಯೆಮಿಗೆ. ಡಿ ಚೆಂಟಾ ಮುಂದೆ 2003ರಲ್ಲಿ ಎವರೆಸ್ಟ್ ಏರಿದಳು. ದೂರದ ಓಟ ಓಡಿದವರಿಗೆ ಬಹುಶಃ ಎಲ್ಲಿ ನಿಲ್ಲಬೇಕೆಂದು ತಿಳಿಯುವುದಿಲ್ಲ.

1998ರ ನಗಾನೊ ಕೂಟದಲ್ಲಿ ಯೂಲಿಯಾ ಚೆಪಲೋವಾ ಗೆದ್ದು ರಷ್ಯಕ್ಕೆ ಈ ಓಟದ ಚಿನ್ನ ತಂದಳು. ಅಂದಿನ ಪ್ರಾಬಲ್ಯಕ್ಕೆ ಹೋಲಿಸಿದರೆ ನಂಬಲಾಗದ ಸಂಗತಿಯೆಂದರೆ, ಒಂಬತ್ತರಲ್ಲಿ ರಷ್ಯಕ್ಕೆ ದಕ್ಕಿದ್ದು ಆ ಒಂದೇ ಚಿನ್ನ. ಇನ್ನೊಂದು ಚಿನ್ನ ಕೈಗೆ ಬಂದು ತಪ್ಪಿತು. 2002ರ ಸಾಲ್ಟ್ ಲೇಕ್ ಸಿಟಿ ಕೂಟದ ಕೊನೆಯ ದಿನ ಸೋಲ್ಜರ್ ಹಾಲೊ ಜಾಡಿನಲ್ಲಿ ಲಾರಿಸಾ ಲಾಜುತಿನಾ ಎಲ್ಲರಿಗಿಂತ ಬಹಳ ಮುಂದೆ ಗುರಿ ಮುಟ್ಟಿದಳು. ಆದರೆ ಅದಕ್ಕೂ ಮೊದಲು ತೆಗೆದ ಮಾದರಿಯಲ್ಲಿ ಡಾರ್ಬಿಪೊಯೆಟಿನ್ ಎಂಬ ಮದ್ದು ಸಿಕ್ಕಿತ್ತು. ರಕ್ತಹೀನತೆಯ ರೋಗಿಗಳಿಗೆ ಕೊಡುವ ಈ ಮದ್ದು ಕೆಂಪು ರಕ್ತಕಣಗಳನ್ನು ಹೆಚ್ಚಿಸುತ್ತದೆ, ಅಂದರೆ ರಕ್ತ ಸ್ನಾಯುಗಳಿಗೆ ಹೆಚ್ಚು ಆಮ್ಲಜನಕ ಹೊರುತ್ತದೆ. ದೂರದ ಓಟಗಾರರಿಗೆ ಬೇಕಾದದ್ದೂ ಅದೇ. ಲಾಜುತಿನಾಳ ಚಿನ್ನ ರದ್ದಾಗಿ ಇಟಲಿಯ ಗೇಬ್ರಿಯೆಲ್ಲಾ ಪರೂಟ್ಸಿಗೆ ಹೋಯಿತು. ಬೆಲ್ಮೊಂಡೊಗೆ ಬೆಳ್ಳಿ, ನಾರ್ವೆಯ ಬೆಂಟೆ ಸ್ಕಾರಿಗೆ ಕಂಚು. ಬೆಲ್ಮೊಂಡೊಗೆ ಅದು ಹತ್ತನೆಯ ಒಲಿಂಪಿಕ್ ಪದಕ, ಕೊನೆಯದೂ ಹೌದು. ನಾಲ್ಕು ವರ್ಷದ ನಂತರ ಟ್ಯೂರಿನ್‌ನಲ್ಲಿ ಒಲಿಂಪಿಕ್ ಜ್ಯೋತಿ ಹೊತ್ತಿಸಿದ್ದು ಆಕೆಯೇ.

ಎಲ್ಲರೂ ಒಟ್ಟಿಗೆ ಹೊರಟಾಗ

2002ರ ವರೆಗೆ ಒಬ್ಬೊಬ್ಬರಾಗಿ, ಅರ್ಧರ್ಧ ನಿಮಿಷದ ಅಂತರದಲ್ಲಿ ಹೊರಡುತ್ತಿದ್ದರು. ಯಾರು ಮುಂದಿದ್ದಾರೆ ಎಂಬುದನ್ನು ಗಡಿಯಾರ ಹೇಳಬೇಕಿತ್ತು. ಕಾಡಿನೊಳಗೆ ಓಡುವವಳಿಗೆ ಎದುರಾಳಿ ಕಣ್ಣಿಗೇ ಬೀಳುತ್ತಿರಲಿಲ್ಲ. 2006ರಿಂದ ಒಲಿಂಪಿಕ್ ಓಟ ಸಾಮೂಹಿಕ ಆರಂಭಕ್ಕೆ ತಿರುಗಿತು. ಮೊದಲು ಗುರಿ ಮುಟ್ಟಿದವಳೇ ಗೆದ್ದವಳು. ಟೆಲಿವಿಷನ್‌ಗೆ ಇದು ಹಿಡಿಸಿತು. ಹಳೆಯ ಒಂಟಿ ಓಟದಲ್ಲಿದ್ದ ಒಂದು ಗಾಂಭೀರ್ಯ ಹೋಯಿತೆಂದು ಮರುಗುವವರೂ ಇದ್ದಾರೆ, ಅವರ ಮಾತಿನಲ್ಲಿ ಹುರುಳಿಲ್ಲದೆ ಇಲ್ಲ. ಆದರೆ ಹೊಸ ಪದ್ಧತಿಯ ಮೊದಲ ಎರಡು ಓಟಗಳನ್ನು ನೋಡಿದರೆ ತಕರಾರಿಗೆ ನಾಲಿಗೆ ಏಳದು.

2006ರಲ್ಲಿ ಪ್ರಾಜೆಲಾತೊದಲ್ಲಿ ಜೆಕ್ ದೇಶದ ಕಾತೆರ್ಜಿನಾ ನೊಯ್ಮನೊವಾ ಕೊನೆಯ ಕೆಲವು ಮೀಟರುಗಳಲ್ಲಿ ಮುನ್ನುಗ್ಗಿ ಚೆಪಲೋವಾಳನ್ನು 1.4 ಸೆಕೆಂಡಿನಿಂದ ಹಿಂದಿಕ್ಕಿದಳು. ಪೋಲೆಂಡಿನ ಯುಸ್ತಿನಾ ಕೊವಾಲ್ಚಿಕ್ ಮೂರನೆಯವಳು. 1992ರಿಂದ ಒಲಿಂಪಿಕ್ಸ್‌ಗೆ ಬರುತ್ತಿದ್ದ ನೊಯ್ಮನೊವಾ ನಡುವೆ 1996ರ ಅಟ್ಲಾಂಟಾ ಬೇಸಿಗೆ ಕೂಟದಲ್ಲಿ ಬೆಟ್ಟದ ಸೈಕಲ್ ಓಟದಲ್ಲೂ ಸ್ಪರ್ಧಿಸಿದ್ದಳು. ಚಿನ್ನ ಮಾತ್ರ ಅಲ್ಲಿಯವರೆಗೆ ಕೈಗೆ ಸಿಕ್ಕಿರಲಿಲ್ಲ. ಗೆರೆ ದಾಟಿ ಹಿಮದ ಮೇಲೆ ಬಿದ್ದಿದ್ದ ತಾಯಿಯ ಹತ್ತಿರ ಪುಟ್ಟ ಮಗಳು ಬಂದ ದೃಶ್ಯ ಆ ಕೂಟದ ನೆನಪುಗಳಲ್ಲಿ ಉಳಿದುಹೋಯಿತು.

2010ರಲ್ಲಿ ವಿಸ್ಲರ್‌ನ ಕ್ಲಾಸಿಕ್ ಓಟ ಇನ್ನೂ ಬಿಗಿ. ಕೊವಾಲ್ಚಿಕ್ ಮತ್ತು ನಾರ್ವೆಯ ಮಾರಿತ್ ಬ್ಯೋರ್ಗೆನ್ ಉಳಿದವರನ್ನು ಒಂದು ನಿಮಿಷಕ್ಕೂ ಹೆಚ್ಚು ಹಿಂದೆ ಬಿಟ್ಟು, ಕೊನೆಯ ನೇರ ಹಾದಿಗೆ ಜೊತೆಯಾಗಿಯೇ ಬಂದರು. ಒಂದೂವರೆ ಗಂಟೆ ಓಡಿದ ಮೇಲೆ ಇಬ್ಬರ ನಡುವೆ ಉಳಿದದ್ದು 0.3 ಸೆಕೆಂಡು. ಆ ಕೂದಲೆಳೆಯಷ್ಟು ಅಂತರ ಕೊವಾಲ್ಚಿಕ್ ಪರವಾಗಿತ್ತು. ಪೋಲೆಂಡಿಗೆ 1972ರ ನಂತರ ಸಿಕ್ಕ ಮೊದಲ ಚಳಿಗಾಲದ ಒಲಿಂಪಿಕ್ ಚಿನ್ನ ಅದು. ಫಿನ್ಲೆಂಡಿನ ಐನೊ-ಕೈಸಾ ಸಾರಿನೆನ್ ಕಂಚು ಪಡೆದಳು.

ನಾರ್ವೆ

ಬ್ಯೋರ್ಗೆನ್ ಆ ಸೋಲಿಗೆ ಎರಡು ಸಲ ಉತ್ತರ ಕೊಟ್ಟಳು. 2014ರ ಸೋಚಿಯಲ್ಲಿ ಆಕೆ, ತೆರೇಸ್ ಯೊಹಾಗ್, ಕ್ರಿಸ್ಟಿನ್ ಸ್ಟ್ಯೋರ್ಮರ್ ಸ್ಟೈರಾ ಮೂವರೂ ಸೇರಿ ಪದಕ ಪೀಠವನ್ನು ನಾರ್ವೆಗೇ ಮೀಸಲಾಗಿಸಿದರು. 2018ರ ಪ್ಯೋಂಗ್‌ಚಾಂಗ್ ಓಟದಲ್ಲಿ ಸ್ಪರ್ಧೆ ಎನ್ನುವಂಥದ್ದೇನೂ ಉಳಿಯಲಿಲ್ಲ: 37ರ ವಯಸ್ಸಿನ ಬ್ಯೋರ್ಗೆನ್ 1 ಗಂಟೆ 22 ನಿಮಿಷ 17.6 ಸೆಕೆಂಡಿನಲ್ಲಿ ಮುಗಿಸಿ, ಎರಡನೆಯವಳಾದ ಫಿನ್ಲೆಂಡಿನ ಕ್ರಿಸ್ಟಾ ಪರ್ಮಕೋಸ್ಕಿಗಿಂತ 1 ನಿಮಿಷ 49.5 ಸೆಕೆಂಡು ಮುಂದಿದ್ದಳು. ಕಂಚು ಸ್ವೀಡನ್ನಿನ ಸ್ಟೀನಾ ನಿಲ್ಸನ್‌ಗೆ. ಅದು ಆ ಕೂಟದ ಕೊನೆಯ ದಿನದ ಓಟ. ಬ್ಯೋರ್ಗೆನ್‌ಗೆ 15ನೆಯ ಒಲಿಂಪಿಕ್ ಪದಕ, ಎಂಟನೆಯ ಚಿನ್ನ. ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಗಂಡಾಗಲಿ ಹೆಣ್ಣಾಗಲಿ ಅಲ್ಲಿಯವರೆಗೆ ಯಾರೂ ಅಷ್ಟು ಪದಕ ಗಳಿಸಿರಲಿಲ್ಲ. ಅದೇ ಓಟದಲ್ಲಿ ಆಸ್ಟ್ರಿಯದ ತೆರೇಸಾ ಸ್ಟಾಡ್ಲೋಬರ್ ಪದಕದ ಸ್ಥಾನದಲ್ಲಿ ಓಡುತ್ತಿದ್ದಾಗ ಕವಲಿನಲ್ಲಿ ದಾರಿ ತಪ್ಪಿದಳು. ಮರಳಿ ಸರಿಜಾಡಿಗೆ ಬರುವಷ್ಟರಲ್ಲಿ ಹಿಂದಿದ್ದವರು ಮುಂದಾಗಿದ್ದರು; ಆಕೆ ಒಂಬತ್ತನೆಯವಳಾದಳು.

ಯೊಹಾಗ್ ಪ್ಯೋಂಗ್‌ಚಾಂಗ್‌ನಲ್ಲಿ ಇರಲಿಲ್ಲ. ಬಿಸಿಲಿಗೆ ಒಡೆದ ತುಟಿಗೆ ತಂಡದ ವೈದ್ಯರು ಕೊಟ್ಟ ಮುಲಾಮಿನಲ್ಲಿ ಕ್ಲೊಸ್ಟೆಬಾಲ್ ಎಂಬ ನಿಷಿದ್ಧ ವಸ್ತುವಿತ್ತು. 2016ರಲ್ಲಿ ಅದು ಪತ್ತೆಯಾಗಿ ಕೊನೆಗೆ 18 ತಿಂಗಳ ನಿಷೇಧ ಬಿತ್ತು. ಮರಳಿ ಬಂದ ಯೊಹಾಗ್ 2019 ಮತ್ತು 2021ರ ವಿಶ್ವ ಚಾಂಪಿಯನ್‌ಷಿಪ್‌ಗಳಲ್ಲಿ ಈ ದೂರ ಗೆದ್ದು, 2022ರ ಬೀಜಿಂಗ್ ಕೂಟದ ಕೊನೆಯ ದಿನ ಝಾಂಗ್‌ಜಿಯಾಕೌನ ಕೊರೆಯುವ ಗಾಳಿಯಲ್ಲಿ ಬಹುಪಾಲು ಹಾದಿಯನ್ನು ಒಂಟಿಯಾಗಿ ಓಡಿ ಒಲಿಂಪಿಕ್ ಚಿನ್ನವನ್ನೂ ಪಡೆದಳು. ಎರಡನೆಯವಳು ಅಮೆರಿಕದ ಜೆಸ್ಸಿ ಡಿಗಿನ್ಸ್. ಹಿಂದಿನ ದಿನವಷ್ಟೇ ವಿಷಾಹಾರದಿಂದ ನರಳಿದ್ದ ಆಕೆ ಗೆರೆ ದಾಟಿ ಅಲ್ಲೇ ಉರುಳಿದಳು. ಯುರೋಪಿನಾಚೆಯ ದೇಶವೊಂದು ಈ ಓಟದಲ್ಲಿ ಗಳಿಸಿದ ಏಕೈಕ ಒಲಿಂಪಿಕ್ ಪದಕ ಆ ಬೆಳ್ಳಿ. ಕಂಚು ಫಿನ್ಲೆಂಡಿನ ಕೆರ್ತು ನಿಸ್ಕನೆನ್‌ಗೆ.

ಹಾಗೆ ಒಂಬತ್ತು ಚಿನ್ನಗಳಲ್ಲಿ ಇಟಲಿಗೂ ನಾರ್ವೆಗೂ ಮೂರು ಮೂರು, ರಷ್ಯ, ಜೆಕ್, ಪೋಲೆಂಡುಗಳಿಗೆ ಒಂದೊಂದು. 1952ರಲ್ಲಿ ಮೂರೂ ಪದಕ ಬಾಚಿಕೊಂಡು ಹೆಂಗಸರ ಓಟಕ್ಕೆ ಮುನ್ನುಡಿ ಬರೆದ ಫಿನ್ಲೆಂಡಿಗೆ ಇಲ್ಲಿ ಒಂದು ಚಿನ್ನವೂ ಇಲ್ಲ. ಸ್ವೀಡನ್ನಿಗೂ ಇಲ್ಲ.

ಐವತ್ತು

2022ರಲ್ಲಿ ಸ್ಕೀ ಒಕ್ಕೂಟದ ಕ್ರಾಸ್‌ಕಂಟ್ರಿ ಸಮಿತಿ ಗಂಡಸರಿಗೂ ಹೆಂಗಸರಿಗೂ ಒಂದೇ ದೂರ ಎಂದು ಮತ ಹಾಕಿತು. ಒಪ್ಪಿದವರು ಶೇ 57. ಅಂದರೆ ಬೇಡವೆಂದವರೂ ಕಡಿಮೆಯಿರಲಿಲ್ಲ. ಹೆಂಗಸರು ಅಷ್ಟು ದೂರ ಓಡಬಲ್ಲರು ಎಂಬುದನ್ನು ಮತ್ತೆ ಸಾಬೀತು ಮಾಡಬೇಕಿಲ್ಲ, ದೂರ ಬೇರೆಯಿದ್ದರೇನು ಎಂಬುದು ಕೆಲವರ ವಾದವಾಗಿತ್ತು. ಬದಲಾವಣೆಯ ವಿವರ ನೋಡಿದರೆ ಒಂದು ತಮಾಷೆ ಕಾಣುತ್ತದೆ. ಗಂಡಸರ 15 ಕಿ.ಮೀ. 10ಕ್ಕೆ ಇಳಿಯಿತು, ಹೆಂಗಸರ 10 ಅಲ್ಲೇ ಉಳಿಯಿತು. ಎರಡೂ ಶೈಲಿ ಬೆರೆತ ಸ್ಕಿಯಾಥ್ಲಾನ್‌ನಲ್ಲಿ ಗಂಡಸರು 30ರಿಂದ, ಹೆಂಗಸರು 15ರಿಂದ ಬಂದು 20ರಲ್ಲಿ ಸಂಧಿಸಿದರು. ಗಂಡಸರ 50 ಕಿ.ಮೀ. ದೂರವನ್ನು ಮುಟ್ಟದೆ ಹೆಂಗಸರ 30ನ್ನೇ ಅಲ್ಲಿಗೆ ಏರಿಸಿದ್ದು ಈ ಅತಿ ಉದ್ದದ ಓಟದಲ್ಲಿ ಮಾತ್ರ.

ವಿಶ್ವಕಪ್ ಮಟ್ಟದ ಮೊದಲ 50 ಕಿ.ಮೀ. 2023ರ ಮಾರ್ಚ್‌ನಲ್ಲಿ ಓಸ್ಲೊದ ಹೋಲ್ಮೆನ್‌ಕೊಲೆನ್‌ನಲ್ಲಿ ನಡೆದು ರಾಗ್ನಿಲ್ ಹಾಗಾ ಗೆದ್ದಳು. ಅದೇ ಚಳಿಗಾಲದಲ್ಲಿ ಸ್ಲೊವೇನಿಯದ ಪ್ಲಾನಿಟ್ಸಾದಲ್ಲಿ ನಡೆದದ್ದು ಕೊನೆಯ 30 ಕಿ.ಮೀ. ವಿಶ್ವ ಚಾಂಪಿಯನ್‌ಷಿಪ್, ಗೆದ್ದವಳು ಸ್ವೀಡನ್ನಿನ ಎಬ್ಬಾ ಆಂಡರ್ಸನ್. 2025ರಲ್ಲಿ ನಾರ್ವೆಯ ಟ್ರೊಂಡ್‌ಹೈಮ್‌ನಲ್ಲಿ ಹೆಂಗಸರು ಮೊದಲ ಬಾರಿಗೆ 50 ಕಿ.ಮೀ. ವಿಶ್ವ ಪ್ರಶಸ್ತಿಗೆ ಓಡಿದರು. ಸ್ವೀಡನ್ನಿನ ಫ್ರಿಡಾ ಕಾರ್ಲ್ಸನ್ ಮೊದಲು, ನಾರ್ವೆಯ ಹೈಡಿ ವೆಂಗ್ ಎರಡನೆಯವಳು. ನಿವೃತ್ತಿಯಿಂದ ಮರಳಿ ಬಂದಿದ್ದ ಯೊಹಾಗ್ ಮೂರನೆಯವಳಾಗಿ ಬಂದಳು. 2026ರ ಮಿಲಾನೊ-ಕೊರ್ಟಿನಾ ಒಲಿಂಪಿಕ್ಸ್‌ನ ಕಾರ್ಯಕ್ರಮದಲ್ಲೂ 30 ಕಿ.ಮೀ. ಹೋಗಿ 50 ಕಿ.ಮೀ. ಬಂತು.

ಭಾರತದಲ್ಲಿ

ಈ ದೂರದ ಓಟದ ಪದಕ ಪಟ್ಟಿಯಲ್ಲಿ ಭಾರತವಿಲ್ಲ. ಆದರೆ ಹಿಮದ ಜಾಡು ಹಿಡಿದ ಕನ್ನಡನಾಡಿನ ಹೆಣ್ಣುಮಕ್ಕಳಿಲ್ಲ ಎನ್ನುವಂತಿಲ್ಲ. ಮಂಜು ಬೀಳುತ್ತದೆಯೇ ಹೊರತು ಹಿಮ ಬೀಳದ ಕೊಡಗಿನ ತೆಕ್ಕಡ ಭವಾನಿ ನಂಜುಂಡ ಕಾಶ್ಮೀರದ ಗುಲ್ಮಾರ್ಗ್‌ನಲ್ಲಿ ನಡೆಯುವ ಖೇಲೋ ಇಂಡಿಯಾ ಚಳಿಗಾಲದ ಕ್ರೀಡೆಗಳಲ್ಲಿ ನಾರ್ಡಿಕ್ ಸ್ಕೀ ಓಟದ ಚಿನ್ನಗಳನ್ನು ಕರ್ನಾಟಕಕ್ಕೆ ತಂದುಕೊಟ್ಟಿದ್ದಾರೆ. ಗುಲ್ಮಾರ್ಗ್ ಸಮುದ್ರ ಮಟ್ಟದಿಂದ 2,600 ಮೀಟರಿಗೂ ಮೇಲಿದೆ. ಒಲಿಂಪಿಕ್ಸ್ ಹಾಗೂ ವಿಶ್ವ ಚಾಂಪಿಯನ್‌ಷಿಪ್‌ನ ಜಾಡುಗಳು 1,800 ಮೀಟರನ್ನು ಮೀರಕೂಡದು ಎಂಬುದು ಸ್ಕೀ ಒಕ್ಕೂಟದ ನಿಯಮ. ಆ ಎತ್ತರದ ಮೇಲೆ ಗಾಳಿ ತೆಳ್ಳಗಾಗಿ ದೂರದ ಓಟ ಬೇರೆಯೇ ಆಟವಾಗುತ್ತದೆ.